ಎಣ್ಣೆ ತೂಕ ಹೊರುವುದಿಲ್ಲ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬಂಡೆ ಹತ್ತುವ ರಿಮೋಟ್ ಗಾಡಿಗಳ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ನನಗೆ ತುಂಬಾ ಖುಷಿಯಾಯಿತು. ಪತ್ರಿಕೆಯಲ್ಲಿ ಈ ಗಾಡಿಗೆ ಇಷ್ಟು ಜಾಗ ಸಿಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಆದರೆ ಬರಹದ ಕೊನೆಯಲ್ಲಿ, ಹೊಸಬರಿಗೆ ಅಂತ ಚೌಕ ಹಾಕಿ ಕೊಟ್ಟಿದ್ದ ಮೂರು ಸಲಹೆಗಳು ತಪ್ಪು. ಗಾಡಿ ಪಕ್ಕಕ್ಕೆ ಬಿದ್ದರೆ ಗಟ್ಟಿ ಸ್ಪ್ರಿಂಗ್ ಹಾಕಿ. ಆಗಲೂ ಬಿದ್ದರೆ ಶಾಕ್‌ಗೆ, ಅಂದರೆ ಚಕ್ರದ ಕುಲುಕಾಟ ತಡೆಯುವ ಕೊಳವೆಗೆ, ದಪ್ಪ ಎಣ್ಣೆ ತುಂಬಿ. ಹೊಟ್ಟೆ ಬಂಡೆಗೆ ತಾಗಿದರೆ ಉದ್ದದ ಶಾಕ್ ಹಾಕಿ ಎತ್ತರಿಸಿ. ಈ ಮೂರನ್ನೂ ನಮ್ಮ ಮನೆಯಲ್ಲಿ ಇದೇ ಸಾಲಿನಲ್ಲಿ ಮಾಡಿ ನೋಡಿದ್ದೇವೆ. ಪ್ರತಿ ಸಲವೂ ಗಾಡಿ ಮೊದಲಿಗಿಂತ ಬೇಗ ಬಿತ್ತು. ಆ ಚೌಕವನ್ನು ಓದಿ ಇನ್ನಷ್ಟು ಮಕ್ಕಳು ಕೂಡಿಟ್ಟ ದುಡ್ಡನ್ನು ಸ್ಪ್ರಿಂಗ್‌ಗೂ ಶಾಕ್‌ಗೂ ಸುರಿಯುತ್ತಾರಲ್ಲ ಅಂತ ಬೇಜಾರಾಗಿ ಬರೆಯುತ್ತಿದ್ದೇನೆ.

ನಾನು ತಕ್ಕಡಿ ರಿಪೇರಿ ಮಾಡುವವಳು. ಅಪ್ಪ ಮಾಡುತ್ತಿದ್ದ ಕೆಲಸವನ್ನು 22 ವರ್ಷದಿಂದ ನಾನು ಮಾಡುತ್ತಿದ್ದೇನೆ. ದಂಡದ ತಕ್ಕಡಿ, ಮುಳ್ಳಿನ ತಕ್ಕಡಿ, ಈಗಿನ ಎಲೆಕ್ಟ್ರಾನಿಕ್ ತಕ್ಕಡಿ ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಗಾಡಿ ನನ್ನದಲ್ಲ, ಅಣ್ಣನ ಮಗನದು. ಅವನಿಗೆ 14 ವರ್ಷ. ಗಾಡಿಯನ್ನು ಓಡಿಸುವವನು ಅವನು, ಬಿಚ್ಚಿ ಜೋಡಿಸುವವರು ನಾವಿಬ್ಬರೂ.

ಆ ಬರಹ ಓದದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಇದು ಜೋರಾಗಿ ಓಡುವ ಗಾಡಿಯಲ್ಲ, ಹತ್ತುವ ಗಾಡಿ. ಕ್ರಾಲರ್ ಅನ್ನುತ್ತಾರೆ. ನಾವು ನಡೆಯುವುದಕ್ಕಿಂತ ನಿಧಾನ. ನಮ್ಮದು ನಿಜವಾದ ಜೀಪಿನ ಹತ್ತನೇ ಒಂದರ ಅಳತೆಯದು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 313 ಮಿಲಿಮೀಟರ್. ತೂಕ ಮೂರು ಕಿಲೋ ಹತ್ತಿರ. ಮುಂದೊಂದು ಹಿಂದೊಂದು ಗಟ್ಟಿ ಆಕ್ಸಲ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಅಚ್ಚು. ಹಿಂದಿನ ಆಕ್ಸಲನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ನಾಲ್ಕು ಲಿಂಕ್‌ಗಳು (ತುದಿಯಲ್ಲಿ ಕೀಲಿರುವ ಕಡ್ಡಿಗಳು) ಹಿಡಿದಿವೆ. ಮುಂದಿನದನ್ನು ಮೂರು ಲಿಂಕ್ ಮತ್ತು ಪಕ್ಕಕ್ಕೆ ಸರಿಯದ ಹಾಗೆ ಅಡ್ಡಕ್ಕೊಂದು ಪ್ಯಾನ್‌ಹಾರ್ಡ್ ಕಡ್ಡಿ ಹಿಡಿದಿವೆ. ನಾಲ್ಕು ಮೂಲೆಯಲ್ಲಿ ನಾಲ್ಕು ಶಾಕ್. ಒಂದೊಂದು ಶಾಕ್‌ನ ಹೊರಗೆ ಸ್ಪ್ರಿಂಗ್, ಒಳಗೆ ಸಿಲಿಕೋನ್ ಎಣ್ಣೆ. ಇಷ್ಟೇ ಇದರ ಸಸ್ಪೆನ್ಶನ್.

ಹುಡುಗ ದಿನಾ ಹತ್ತಿಸುವ ಒಂದು ಬಂಡೆ ಇದೆ. ಮಂಡಿ ಎತ್ತರದ್ದು, ನಡುವೆ ಒಂದು ಮೆಟ್ಟಿಲಿನ ಹಾಗೆ ಒಡೆದಿದೆ. ಗಾಡಿ ಆ ಒಡಕಿನ ಹತ್ತಿರ ಬಂದು ಪ್ರತಿ ಸಲವೂ ಎಡಕ್ಕೇ ಮಗುಚುತ್ತಿತ್ತು. ಮೊದಲು ಗಟ್ಟಿ ಸ್ಪ್ರಿಂಗ್ ತಂದು ಹಾಕಿದ. ಆಮೇಲೆ ಶಾಕ್ ಬಿಚ್ಚಿ 30ರ ಎಣ್ಣೆ ಚೆಲ್ಲಿ 60ರದ್ದು ತುಂಬಿದ (ಅಂಕಿ ದೊಡ್ಡದಾದಷ್ಟೂ ಎಣ್ಣೆ ದಪ್ಪ). ಕೊನೆಗೆ 90 ಮಿಲಿಮೀಟರ್ ಶಾಕ್ ತೆಗೆದು 110ರದ್ದು ಕೂರಿಸಿದ. ಗಾಡಿ ನೋಡುವುದಕ್ಕೆ ಚೆಂದ ಕಂಡಿತು, ಎದೆ ಎತ್ತಿ ನಿಂತ ಹಾಗೆ. ಒಡಕಿನ ತನಕವೂ ಹೋಗಲಿಲ್ಲ. ‘ಅತ್ತೆ, ಎಲ್ಲಾ ಹಾಕಿದ್ರೂ ಬೀಳುತ್ತಲ್ಲಾ’ ಅಂತ ಗಾಡಿಯನ್ನು ತಂದು ನನ್ನ ಮೇಜಿನ ಮೇಲಿಟ್ಟ. ಅವನ ಕಣ್ಣು ತುಂಬಿತ್ತು.

ನನ್ನ ಮೇಜಿಗೆ ಬಂದದ್ದನ್ನು ನಾನು ಮಾಡುವ ಮೊದಲ ಕೆಲಸವೇ ತೂಗುವುದು. ಹಳೆಯ 90ರ ಶಾಕ್‌ಗಳನ್ನು, ಹಳೆಯ ಸ್ಪ್ರಿಂಗ್, 30ರ ಎಣ್ಣೆ ಸಮೇತ ವಾಪಸ್ ಹಾಕಿಸಿದೆ. ಒಂದೇ ಎತ್ತರದ ನಾಲ್ಕು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟು ಒಂದೊಂದರ ಮೇಲೆ ಒಂದೊಂದು ಚಕ್ರ ನಿಲ್ಲಿಸಿದೆ. ಎಲ್ಲರ ಮನೆಯಲ್ಲೂ ನಾಲ್ಕು ತಕ್ಕಡಿ ಇರುವುದಿಲ್ಲ, ಒಂದೇ ಸಾಕು. ಉಳಿದ ಮೂರು ಚಕ್ರದ ಅಡಿಗೆ ತಕ್ಕಡಿಯಷ್ಟೇ ದಪ್ಪದ ಮರದ ತುಂಡು ಇಟ್ಟು ಒಂದೊಂದೇ ಮೂಲೆಯನ್ನು ತೂಗಬಹುದು. ಮೇಜು ಮಾತ್ರ ಮಟ್ಟವಾಗಿರಬೇಕು.

ಮೊದಲ ಓದು ಬಂದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಗಾಡಿಯನ್ನು ಮೆಲ್ಲಗೆ ಒತ್ತಿ ಬಿಟ್ಟು ಎಡಮುಂದಿನ ಮೂಲೆ ನೋಡಿದರೆ 610 ಗ್ರಾಂ. ಮತ್ತೆ ಒತ್ತಿ ಬಿಟ್ಟರೆ 655. ಮೂರನೇ ಸಲ 590. ಒಂದೇ ವಸ್ತುವಿಗೆ ಮೂರು ತೂಕ ಬಂದರೆ ತಕ್ಕಡಿಯವರಿಗೆ ಗೊತ್ತಾಗುತ್ತದೆ, ಎಲ್ಲೋ ಏನೋ ಬಿಗಿ ಹಿಡಿದಿದೆ ಅಂತ. ದಂಡದ ತಕ್ಕಡಿಯಲ್ಲಿ ದಂಡ ಕೂರುವ ಉಕ್ಕಿನ ಅಂಚಿಗೆ ಧೂಳು ಮೆತ್ತಿದರೆ ಹೀಗೇ ಆಗುತ್ತದೆ. ಸ್ಪ್ರಿಂಗ್‌ಗಳನ್ನು ಪೂರ್ತಿ ತೆಗೆದು, ಚಾಸಿಯನ್ನು ಕೈಯಲ್ಲಿ ಹಿಡಿದು ಆಕ್ಸಲನ್ನು ಮೇಲೆತ್ತಿ ಬಿಟ್ಟೆ. ಅದು ತನ್ನ ಭಾರಕ್ಕೆ ತಾನೇ ಸರ್ರನೆ ಕೆಳಗೆ ಬೀಳಬೇಕು. ಬೀಳಲಿಲ್ಲ, ನಡುವೆಯೇ ನಿಂತಿತು. ಹಿಂದಿನ ಒಂದು ಲಿಂಕಿನ ಸ್ಕ್ರೂವನ್ನು ಹುಡುಗ ಜಾಸ್ತಿ ಬಿಗಿ ಮಾಡಿಬಿಟ್ಟಿದ್ದ. ಮುಂದಿನ ಎರಡು ಲಿಂಕ್‌ಗಳ ತುದಿಯಲ್ಲಿರುವ ಗುಂಡು ಕೀಲಿನಲ್ಲಿ ಮರಳು ಸೇರಿತ್ತು. ತೊಳೆದು, ಒರೆಸಿ, ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದೆವು. ಆಮೇಲೆ ಎಷ್ಟು ಸಲ ಒತ್ತಿ ಬಿಟ್ಟರೂ 610ರ ಆಚೆ ಈಚೆ ಐದು ಗ್ರಾಂ, ಅಷ್ಟೇ. ಈ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ. ನಿಮ್ಮ ಚೌಕದಲ್ಲಿ ಇದೇ ಮೊದಲು ಇರಬೇಕಿತ್ತು. ಕೀಲು ಬಿಗಿ ಇರುವ ಗಾಡಿಗೆ ಯಾವ ಸ್ಪ್ರಿಂಗ್ ಹಾಕಿದರೂ ಅದು ಸ್ಪ್ರಿಂಗಿನ ಮಾತು ಕೇಳುವುದಿಲ್ಲ.

ಈಗ ತೂಕ ನಂಬುವ ಹಾಗೆ ಬಂತು. ಎಡಮುಂದೆ 610, ಬಲಮುಂದೆ 650, ಎಡಹಿಂದೆ 800, ಬಲಹಿಂದೆ 780. ಒಟ್ಟು 2840 ಗ್ರಾಂ. ಹುಡುಗ ಎಡಗಡೆ ಭಾರ ಜಾಸ್ತಿ ಇರಬೇಕು ಅಂದುಕೊಂಡಿದ್ದ. ಕೂಡಿಸಿ ನೋಡಿದರೆ ಎಡಕ್ಕೆ 1410, ಬಲಕ್ಕೆ 1430. ಎಡಗಡೆಯೇ ಹಗುರ! ಹಾಗಾದರೆ ಎಡಕ್ಕೇ ಯಾಕೆ ಬೀಳುತ್ತದೆ? ಇದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಉತ್ತರ ಸಿಕ್ಕಿದ್ದು ಮೂರು ವಾರ ಕಳೆದ ಮೇಲೆ.

ಇನ್ನೊಂದು ಲೆಕ್ಕವೂ ಇದೆ. ಎಡಮುಂದಿನದಕ್ಕೆ ಬಲಹಿಂದಿನದನ್ನು ಕೂಡಿಸಿದರೆ 1390. ಬಲಮುಂದೆ ಮತ್ತು ಎಡಹಿಂದೆ ಕೂಡಿಸಿದರೆ 1450. ಮೂಲೆಯಿಂದ ಮೂಲೆಗೆ 60 ಗ್ರಾಂ ವ್ಯತ್ಯಾಸ. ಕಾಲು ಕುಂಟುವ ಮೇಜು ನೋಡಿದ್ದೀರಲ್ವಾ? ಎದುರುಬದುರಿನ ಎರಡು ಕಾಲು ಭಾರ ಹೊತ್ತು ಉಳಿದೆರಡು ಆಡುತ್ತಿರುತ್ತವೆ. ಹಾಗೆಯೇ ಇದು. ಶಾಕ್‌ನ ಮೇಲೆ ಸ್ಪ್ರಿಂಗನ್ನು ಮೊದಲೇ ಒತ್ತಿ ಹಿಡಿಯುವ ಪ್ರೀಲೋಡ್ ಬಳೆ ಇದೆ, ಅದನ್ನು ಎಡಮುಂದಿನ ಮೂಲೆಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ಅದೇ ಸಾಲಿನಲ್ಲಿ 625, 635, 785, 795 ಮಾಡಿದೆವು. ಆ ಬಳೆ ಎಷ್ಟು ತಿರುಗಿಸಿದರೂ ಮುಂದಿನ ಒಟ್ಟು ಭಾರ ಬದಲಾಗುವುದಿಲ್ಲ, ಎಡಗಡೆಯ ಒಟ್ಟು ಭಾರವೂ ಬದಲಾಗುವುದಿಲ್ಲ. ಕರ್ಣದ ಎರಡು ಮೂಲೆ ಭಾರವಾಗಿ ಉಳಿದೆರಡು ಹಗುರವಾಗುತ್ತವೆ, ಅಷ್ಟೇ. ಬಳೆ ತಿರುಗಿಸಿ ಗಾಡಿಯ ಮುಂಭಾಗವನ್ನು ಭಾರ ಮಾಡುತ್ತೇನೆ ಅನ್ನುವವರು ಇದನ್ನು ಒಮ್ಮೆ ತೂಗಿ ನೋಡಬೇಕು.

ಮುಂಭಾಗ ಭಾರವಾಗಬೇಕಾದರೆ ಭಾರವನ್ನೇ ಮುಂದಕ್ಕೆ ಒಯ್ಯಬೇಕು. ನಮ್ಮ ಗಾಡಿಯಲ್ಲಿ ಮುಂದೆ 1260, ಹಿಂದೆ 1580. ನೂರಕ್ಕೆ 44 ಮಾತ್ರ ಮುಂದೆ. ಏರು ಹತ್ತುವಾಗ ಮುಂದಿನ ಚಕ್ರದ ಭಾರ ಹಿಂದಕ್ಕೆ ಸರಿಯುತ್ತದೆ. ಮುಂದೆ ಮೊದಲೇ ಕಡಿಮೆ ಇದ್ದರೆ ಮೂತಿ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಬ್ಯಾಟರಿ 260 ಗ್ರಾಂ. ಅದು ಹಿಂದಿನ ಆಕ್ಸಲ್‌ಗೆ ಹತ್ತಿರ ಇತ್ತು. ಅದನ್ನು ಮುಂದಿನ ಆಕ್ಸಲ್‌ಗೆ ಅಷ್ಟೇ ಹತ್ತಿರ, ಆದಷ್ಟು ಕೆಳಗೆ ತಂದೆವು. ಒಟ್ಟು 233 ಮಿಲಿಮೀಟರ್ ಸರಿಸಿದ ಹಾಗಾಯಿತು. ತೂಗಿದರೆ ಸುಮಾರು 194 ಗ್ರಾಂ ಹಿಂದಿನಿಂದ ಮುಂದಕ್ಕೆ ಬಂದಿತ್ತು. ಆಮೇಲೆ ಮುಂದಿನ ಎರಡು ಚಕ್ರದೊಳಗೆ ತಲಾ 110 ಗ್ರಾಮಿನ ಹಿತ್ತಾಳೆ ಬಳೆ ಕೂರಿಸಿದೆವು. ಈಗ ಮುಂದೆ 1674, ಹಿಂದೆ 1386. ನೂರಕ್ಕೆ 55ರ ಹತ್ತಿರ.

ಹಿತ್ತಾಳೆಯನ್ನು ಚಕ್ರದೊಳಗೆ ಯಾಕೆ, ಚಾಸಿಯ ಮೇಲೆ ಇಡಬಾರದೇ ಅಂತ ಯಾರಾದರೂ ಕೇಳಬಹುದು. ದೊಡ್ಡ ಕಾರಿನಲ್ಲಿ ಚಕ್ರ ಹಗುರ ಇದ್ದಷ್ಟೂ ಒಳ್ಳೆಯದು. ಜೋರಾಗಿ ಓಡುವಾಗ ಭಾರದ ಚಕ್ರ ನೆಲದ ಏರುತಗ್ಗಿಗೆ ಬೇಗ ಹೊಂದಿಕೊಳ್ಳುವುದಿಲ್ಲ. ಆದರೆ ಕ್ರಾಲರ್ ನಿಧಾನದ ಗಾಡಿ. ಚಕ್ರದಲ್ಲಿರುವ ಭಾರ ನೆಲಕ್ಕೆ ಹತ್ತಿರ ಇರುತ್ತದೆ, ಸ್ಪ್ರಿಂಗಿನ ಮೇಲೆ ಕೂರುವುದಿಲ್ಲ, ಗಾಡಿ ವಾಲಿದರೂ ಅದು ವಾಲುವುದಿಲ್ಲ. ಹಾಗಂತ ಸಿಕ್ಕಷ್ಟು ತುಂಬಬಾರದು. ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಸರ್ವೋ ಮೋಟಾರಿಗೂ ಆಕ್ಸಲ್ ತುದಿಯ ಕೀಲಿಗೂ ಅಷ್ಟು ಕಷ್ಟ ಹೆಚ್ಚುತ್ತದೆ.

ಸ್ಪ್ರಿಂಗಿನ ವಿಷಯಕ್ಕೆ ಬರುತ್ತೇನೆ. ಅಂಗಡಿಯ ಪೊಟ್ಟಣದ ಮೇಲೆ ಮೃದು, ಮಧ್ಯಮ, ಗಟ್ಟಿ ಅಂತ ಬರೆದು ಒಂದೊಂದಕ್ಕೆ ಒಂದೊಂದು ಬಣ್ಣದ ಗುರುತು ಹಾಕಿರುತ್ತಾರೆ. ಒಬ್ಬರ ಮೃದು ಇನ್ನೊಬ್ಬರ ಮಧ್ಯಮ. ನಾನು ಸ್ಪ್ರಿಂಗನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಸ್ಕೇಲ್ ಹಿಡಿದು 10 ಮಿಲಿಮೀಟರ್ ಒತ್ತುತ್ತೇನೆ. ಹುಡುಗ ಅಂಕಿ ಓದುತ್ತಾನೆ. ಗಾಡಿಯ ಜೊತೆ ಬಂದ ಸ್ಪ್ರಿಂಗ್ 620 ಗ್ರಾಂ ತೋರಿಸಿತು. ಅಂದರೆ ಒಂದು ಮಿಲಿಮೀಟರ್‌ಗೆ 62 ಗ್ರಾಂ. ಎರಡರಷ್ಟು ಒತ್ತಿದರೆ ಎರಡರಷ್ಟು ಭಾರ. ರಾಬರ್ಟ್ ಹುಕ್ 1678ರಲ್ಲಿ ಅಚ್ಚು ಹಾಕಿಸಿದ ನಿಯಮ ಇದು. ಸ್ಪ್ರಿಂಗ್ ತಕ್ಕಡಿಗಳೆಲ್ಲ ನಿಂತಿರುವುದು ಇದರ ಮೇಲೆಯೇ. ಶಾಲೆಯಲ್ಲಿ ಸಾಲು ಸಾಲು ಬಾಯಿಪಾಠ ಮಾಡಿದ್ದ ನಿಯಮವನ್ನು ಹುಡುಗ ತಕ್ಕಡಿಯ ಮೇಲೆ ಕಣ್ಣಾರೆ ನೋಡಿದ. ಆ ದಿನ ಅವನ ಮುಖ ನೋಡಬೇಕಿತ್ತು.

ಸ್ಪ್ರಿಂಗ್ ಎಷ್ಟು ಮೃದು ಇರಬೇಕು ಅನ್ನುವುದಕ್ಕೆ ಗುರುತು ಇದೆ. ಗಾಡಿ ಸುಮ್ನೆ ನಿಂತಾಗ ಶಾಕ್ ತನ್ನ ದಾರಿಯಲ್ಲಿ ಎಷ್ಟು ಒಳಗೆ ಹೋಗಿರುತ್ತದೆ ಅಂತ ನೋಡಬೇಕು. ಇದನ್ನು ಸ್ಯಾಗ್ ಅನ್ನುತ್ತಾರೆ, ಕುಸಿತ ಅನ್ನೋಣ. ಬಂಡೆಯ ಮೇಲೆ ಚಕ್ರ ಮೇಲೇರುವುದಷ್ಟೇ ಅಲ್ಲ, ಗುಂಡಿಗೆ ಇಳಿಯಬೇಕು ಕೂಡ. ನಿಂತಾಗಲೇ ಶಾಕ್ ಪೂರ್ತಿ ಚಾಚಿಕೊಂಡಿದ್ದರೆ ಇಳಿಯಲು ದಾರಿ ಎಲ್ಲಿದೆ? ನಮ್ಮ ಶಾಕ್‌ಗೆ ಒಟ್ಟು 26 ಮಿಲಿಮೀಟರ್ ದಾರಿ ಇದೆ. ಹಳೆಯ ಸ್ಪ್ರಿಂಗ್‌ನಲ್ಲಿ ಕುಸಿತ ಮುಂದೆ ಒಂದೂವರೆ, ಹಿಂದೆ ನಾಲ್ಕು. ಅಂದರೆ ಮುಂದಿನ ಚಕ್ರ ಗುಂಡಿಗೆ ಇಳಿಯುತ್ತಲೇ ಇರಲಿಲ್ಲ. ಗಾಳಿಯಲ್ಲಿ ನೇತಾಡುತ್ತಿತ್ತು. ಇದು ಗಾಡಿಯ ಜೊತೆಗೇ ಬಂದ ಸ್ಪ್ರಿಂಗಿನ ಕಥೆ. ಹುಡುಗ ಆಮೇಲೆ ಹಾಕಿದ್ದು ಇದಕ್ಕಿಂತ ಗಟ್ಟಿ!

ಅಳತೆಗೆ ನಾನು ಮಾಡಿದ್ದು ಇಷ್ಟು. ಮುಂದಿನ ಒಂದು ಮೂಲೆಯ ಭಾರ ಈಗ 837 ಗ್ರಾಂ. ಅದರಲ್ಲಿ ಚಕ್ರ, ಅರ್ಧ ಆಕ್ಸಲ್, ಹಿತ್ತಾಳೆ ಎಲ್ಲ ಸೇರಿ 460 ಗ್ರಾಂ ಸ್ಪ್ರಿಂಗಿನ ಕೆಳಗೇ ಇದೆ. ಅದನ್ನು ಕಳೆದರೆ ಸ್ಪ್ರಿಂಗ್ ಹೊರುವುದು 377. ಮಿಲಿಮೀಟರ್‌ಗೆ 36 ಗ್ರಾಮಿನ ಸ್ಪ್ರಿಂಗ್ ಹಾಕಿ ಬಳೆಯನ್ನು ಪೂರ್ತಿ ಸಡಿಲ ಬಿಟ್ಟರೆ ಹತ್ತೂವರೆ ಮಿಲಿಮೀಟರ್ ಕುಸಿಯಬೇಕು. ಹಾಕಿದೆವು, ಸರಿಯಾಗಿ ಅಷ್ಟೇ ಕುಸಿಯಿತು. ಹಿಂದೆ ಒಂಬತ್ತೂವರೆ. ಇರುವ ದಾರಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತು. ನಮ್ಮ ಶಾಕ್‌ಗಳು ನೆಟ್ಟಗೆ ನಿಂತಿವೆ. ಓರೆ ಕೂರಿಸಿದ ಶಾಕ್ ಅದೇ ಸ್ಪ್ರಿಂಗ್‌ನಲ್ಲೂ ಇನ್ನಷ್ಟು ಮೃದುವಾಗುತ್ತದೆ, ಆಗ ಲೆಕ್ಕ ಬೇರೆ.

ಗಟ್ಟಿ ಸ್ಪ್ರಿಂಗ್ ಹಾಕಿ ಅಂದವರ ಮಾತಿನಲ್ಲಿ ಒಂದು ಚೂರು ನಿಜ ಇದೆ, ಅದನ್ನು ನಾನು ಒಪ್ಪುತ್ತೇನೆ. ಗಾಡಿಯನ್ನು ನಯವಾದ ಹಲಗೆಯ ಮೇಲೆ ಅಡ್ಡಕ್ಕೆ ನಿಲ್ಲಿಸಿ ಹಲಗೆಯನ್ನು ನಿಧಾನವಾಗಿ ಓರೆ ಮಾಡಿ ನೋಡಿದೆವು. ಗಟ್ಟಿ ಸ್ಪ್ರಿಂಗ್‌ನಲ್ಲಿ ಗಾಡಿ ಎರಡು ಡಿಗ್ರಿ ಜಾಸ್ತಿ ನಿಂತಿತು. ಮೈ ಕಡಿಮೆ ವಾಲುತ್ತದಲ್ಲ, ಅದಕ್ಕೆ. ಆದರೆ ಬಂಡೆ ಹಲಗೆಯಲ್ಲ. ಒಂದು ಚಕ್ರ ಕಲ್ಲಿನ ಮೇಲೇರಿದಾಗ ಮೃದು ಸ್ಪ್ರಿಂಗ್ ಇದ್ದರೆ ಆಕ್ಸಲ್ ಮಾತ್ರ ಓರೆಯಾಗುತ್ತದೆ, ಮೈ ಅಷ್ಟಾಗಿ ವಾಲುವುದಿಲ್ಲ. ಗಟ್ಟಿ ಇದ್ದರೆ ಆ ಚಕ್ರ ಇಡೀ ಗಾಡಿಯನ್ನೇ ಎತ್ತಿ ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ಮುಂದಿನ ಒಂದು ಚಕ್ರದ ಅಡಿಗೆ ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಾ ಹೋದೆವು. ಬೇರೆ ಯಾವುದಾದರೂ ಚಕ್ರ ಮೇಲೇಳುವ ತನಕ. ಗಟ್ಟಿ ಸ್ಪ್ರಿಂಗ್‌ನಲ್ಲಿ 38 ಮಿಲಿಮೀಟರ್‌ಗೇ ಎದ್ದಿತು. ಮೃದು ಸ್ಪ್ರಿಂಗ್‌ನಲ್ಲಿ 70 ದಾಟಿದ ಮೇಲೆ.

ಎಣ್ಣೆಯ ಬಗ್ಗೆ ಬರೆದದ್ದು ಓದಿದಾಗ ನನಗೆ ನಿಜವಾಗಿ ಸಂಕಟವಾಯಿತು, ಯಾಕೆಂದರೆ ಇದು ನನ್ನ ಕಸುಬಿನ ವಿಷಯ. ಹಳೆಯ ಮುಳ್ಳಿನ ತಕ್ಕಡಿಯೊಳಗೆ ಎಣ್ಣೆ ತುಂಬಿದ ಒಂದು ಸಣ್ಣ ಡಬ್ಬಿ ಇರುತ್ತದೆ. ಅದರೊಳಗೆ ಒಂದು ಬಿಲ್ಲೆ ಮೇಲೆ ಕೆಳಗೆ ಆಡುತ್ತದೆ. ಸಾಮಾನು ಇಟ್ಟ ಕೂಡಲೇ ಮುಳ್ಳು ಅತ್ತಿಂದಿತ್ತ ಓಲಾಡದ ಹಾಗೆ ಹಿಡಿಯುವುದಷ್ಟೇ ಅದರ ಕೆಲಸ. ದಪ್ಪ ಎಣ್ಣೆ ಹಾಕಿ, ತೆಳು ಎಣ್ಣೆ ಹಾಕಿ, ಒಂದು ಕಿಲೋ ಒಂದೇ ಕಿಲೋ. ಮುಳ್ಳು ಅಲ್ಲಿಗೆ ತಲುಪುವ ಹೊತ್ತು ಮಾತ್ರ ಬೇರೆ. ಗಾಡಿಯ ಶಾಕ್ ಕೂಡ ಇದೇ ಡಬ್ಬಿ. ತೂತಿರುವ ಪಿಸ್ಟನ್ ಎಣ್ಣೆಯಲ್ಲಿ ಜಾರುತ್ತದೆ. ಅದು ವೇಗವನ್ನು ತಡೆಯುತ್ತದೆ, ಭಾರವನ್ನಲ್ಲ. ನಿಧಾನಕ್ಕೆ ಪಕ್ಕಕ್ಕೆ ವಾಲುವ ಗಾಡಿಯನ್ನು ಎಷ್ಟು ದಪ್ಪದ ಎಣ್ಣೆಯೂ ಹಿಡಿದು ನಿಲ್ಲಿಸಲಾರದು. ಎರಡು ಕ್ಷಣ ತಡವಾಗಿ ಬೀಳಬಹುದು, ಅಷ್ಟೇ.

ಮೇಲಾಗಿ ದಪ್ಪ ಎಣ್ಣೆಯಿಂದ ಕೆಡುಕೂ ಇದೆ. ಗಾಡಿ ಒಡಕನ್ನು ದಾಟುವಾಗ ಚಕ್ರ ತಟ್ಟನೆ ಕೆಳಗಿಳಿದು ಕಲ್ಲನ್ನು ಹಿಡಿಯಬೇಕು. 60ರ ಎಣ್ಣೆಯಲ್ಲಿ ಅದು ತೂಕಡಿಸುತ್ತಾ ಇಳಿಯುತ್ತಿತ್ತು. ಅಷ್ಟರಲ್ಲಿ ಗಾಡಿ ಮೂರು ಚಕ್ರದ ಮೇಲೆ ತಿರುಗಿ ಬಿದ್ದಿರುತ್ತಿತ್ತು. ನಾವು ಈಗ 30ರ ಎಣ್ಣೆಯಲ್ಲೇ ಇದ್ದೇವೆ. ಅದು ಸುಮಾರು 350 ಸೆಂಟಿಸ್ಟೋಕ್, ಎಣ್ಣೆಯ ದಪ್ಪ ಅಳೆಯುವ ಮಾನ ಅದು. 30, 40 ಅನ್ನುವ ಅಂಕಿಗಳು ಒಬ್ಬ ತಯಾರಕರಿಂದ ಇನ್ನೊಬ್ಬರಿಗೆ ಬದಲಾಗುತ್ತವೆ. ಆದ್ದರಿಂದ ಬಾಟಲಿಯ ಮೇಲೆ ಸೆಂಟಿಸ್ಟೋಕ್ ಬರೆದಿದ್ದರೆ ಅದನ್ನೇ ನೋಡಿ ಕೊಳ್ಳುವುದು ಒಳ್ಳೆಯದು. ಸರಿಯಿದೆಯೇ ಅಂತ ತಿಳಿಯಲು ಗಾಡಿಯನ್ನು ಒಂದು ಗೇಣು ಎತ್ತರದಿಂದ ಬಿಡಿ. ಒಮ್ಮೆ ಕುಸಿದು, ಎದ್ದು, ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಎಣ್ಣೆ ತೆಳು. ಕುಸಿದಲ್ಲೇ ಉಳಿದು ಆಮೇಲೆ ಮೆಲ್ಲಗೆ ಎದ್ದರೆ ದಪ್ಪ.

ಎಣ್ಣೆ ತುಂಬುವಾಗ ಆತುರ ಬೇಡ. ಶಾಕ್‌ನ ಪಿಸ್ಟನ್ ಕಡ್ಡಿಯನ್ನು ಕೆಳಗೆ ಎಳೆದು, ಎಣ್ಣೆ ಹಾಕಿ, ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಹತ್ತು ನಿಮಿಷ ನಿಲ್ಲಿಸಬೇಕು. ಪಿಸ್ಟನ್ನಿನ ಅಡಿಯಲ್ಲಿ ಸಿಕ್ಕಿಕೊಂಡ ಗುಳ್ಳೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಹುಡುಗನಿಗೆ ಈ ಹತ್ತು ನಿಮಿಷ ಕಾಯಿಸುವುದೇ ಕಷ್ಟವಾಗಿತ್ತು. ಈಗ ಅವನೇ ಗಡಿಯಾರ ಇಟ್ಟುಕೊಂಡು ಕೂರುತ್ತಾನೆ. ತುಂಬಿ ತುಳುಕುವಷ್ಟು ಹಾಕಿ ಮುಚ್ಚಳ ಬಿಗಿದರೆ ಕಡ್ಡಿ ಪೂರ್ತಿ ಒಳಗೆ ಹೋಗುವುದಿಲ್ಲ. ಒಳಹೋಗುವ ಕಡ್ಡಿಗೂ ಜಾಗ ಬೇಕು.

ಎತ್ತರಿಸಿ ಅನ್ನುವ ಸಲಹೆಗೆ ಹೆಚ್ಚು ಹೇಳುವುದಿಲ್ಲ. ಅದೇ ಹಲಗೆಯ ಮೇಲೆ 110ರ ಶಾಕ್ ಇದ್ದಾಗ ಗಾಡಿ 33 ಡಿಗ್ರಿಗೆ ಬಿತ್ತು. ಹಳೆಯ 90ಕ್ಕೆ ವಾಪಸಾದಾಗ 37. ಬ್ಯಾಟರಿ ಕೆಳಗಿಳಿದು, ಚಕ್ರಕ್ಕೆ ಹಿತ್ತಾಳೆ ಬಂದು, ಮೃದು ಸ್ಪ್ರಿಂಗ್‌ನಿಂದ ಮೈ ತಗ್ಗಿದ ಮೇಲೆ 42. ಹೊಟ್ಟೆ ಬಂಡೆಗೆ ತಾಗುತ್ತದೆ, ನಿಜ. ತಾಗಲಿ. ಹೊಟ್ಟೆಯಡಿಯ ತಟ್ಟೆಯ ಸ್ಕ್ರೂ ತಲೆಗಳು ಹೊರಗೆ ಚಾಚದ ಹಾಗೆ ನೋಡಿಕೊಂಡರೆ ಅದು ಜಾರಿಕೊಂಡು ಹೋಗುತ್ತದೆ.

ಮೃದು ಮಾಡಿದ ಮೇಲೆ ಒಂದು ಹೊಸ ತೊಂದರೆ ಬಂತು, ಅದನ್ನು ಮುಚ್ಚಿಡುವುದಿಲ್ಲ. ಕಡಿದಾದ ಏರಿನಲ್ಲಿ ಮುಂದಿನ ಶಾಕ್‌ಗಳು ಪೂರ್ತಿ ಚಾಚಿ ಮೂತಿ ಮೇಲೇಳತೊಡಗಿತು. ಮುಂದಿನ ಎರಡು ಶಾಕ್ ಬಿಚ್ಚಿ, ಒಳಗೆ ಪಿಸ್ಟನ್ನಿನ ಕೆಳಗೆ 4 ಮಿಲಿಮೀಟರ್ ಉದ್ದದ ಸಿಲಿಕೋನ್ ಕೊಳವೆಯ ತುಂಡು ಏರಿಸಿದೆವು. ಚಾಚುವ ದಾರಿ ಹತ್ತೂವರೆಯಿಂದ ಆರೂವರೆಗೆ ಇಳಿಯಿತು. ನಿಂತಾಗಿನ ಎತ್ತರ ಕೂದಲಷ್ಟೂ ಬದಲಾಗಲಿಲ್ಲ. ಮೂತಿ ಏಳುವುದು ನಿಂತಿತು.

ಇನ್ನು ಗೋಡೆಗೆ ಅಂಟಿಸಿದ ಚೀಟಿಯ ಪ್ರಶ್ನೆ. ಎಡಗಡೆ ಹಗುರ ಇದ್ದೂ ಎಡಕ್ಕೇ ಯಾಕೆ? ಒಂದು ಸಂಜೆ ಹುಡುಗ ಗಾಡಿಯ ಮೂತಿಯನ್ನು ಗೋಡೆಗೆ ಒತ್ತಿ ಮೆಲ್ಲಗೆ ಥ್ರಾಟಲ್ (ಮೋಟಾರಿಗೆ ಶಕ್ತಿ) ಕೊಟ್ಟ. ಚಕ್ರ ತಿರುಗುವ ಮೊದಲೇ ಮೈಯ ಬಲಗಡೆ ಮೇಲೆದ್ದು ಎಡಗಡೆ ಕುಸಿಯಿತು. ಥ್ರಾಟಲ್ ಬಿಟ್ಟರೆ ಸರಿಯಾಯಿತು. ‘ಅತ್ತೆ, ಇದು ತೂಕ ಅಲ್ಲ, ತಿರುಚು’ ಅಂದ. ಅವನು ಹೇಳಿದ್ದು ಸರಿ. ನಡುವಿನ ಮೋಟಾರು ಉದ್ದನೆಯ ದಂಡದ ಮೂಲಕ ಆಕ್ಸಲನ್ನು ತಿರುಗಿಸುತ್ತದೆ. ದಂಡ ಒಂದು ಕಡೆ ತಿರುಚಿದಷ್ಟೂ ಚಾಸಿಯನ್ನು ಇನ್ನೊಂದು ಕಡೆ ತಿರುಚುತ್ತದೆ. ಇದಕ್ಕೆ ಟಾರ್ಕ್ ಟ್ವಿಸ್ಟ್ ಅನ್ನುತ್ತಾರೆ. ಒಂದು ಪಕ್ಕಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿ ಇದನ್ನು ಮುಚ್ಚಬಹುದು. ಆಗ ಇಳಿಯುವಾಗ, ಅಡ್ಡ ಹೋಗುವಾಗ ಇನ್ನೊಂದು ಕಡೆಗೆ ಬೀಳುತ್ತದೆ.

ಸರಿಯಾದ ದಾರಿ ದಂಡದ ಮೇಲಿನ ತಿರುಚನ್ನೇ ಕಡಿಮೆ ಮಾಡುವುದು. ಗೇರಿನ ಕೆಲಸವನ್ನು ದಂಡ ದಾಟಿದ ಮೇಲೆ ಜಾಸ್ತಿ ಮಾಡಿಸಿದರೆ ದಂಡಕ್ಕೆ ಭಾರ ಇಳಿಯುತ್ತದೆ. 2017ರಲ್ಲಿ ಬಂದ ಟ್ರಾಕ್ಸಸ್ ಟಿಆರ್‌ಎಕ್ಸ್-4 ಅನ್ನುವ ಕ್ರಾಲರ್‌ನ ಚಕ್ರದ ಹತ್ತಿರವೇ ಇನ್ನೊಂದು ಗೇರು ಜೋಡಿ ಇರುತ್ತದೆ. ಪೋರ್ಟಲ್ ಆಕ್ಸಲ್ ಅದು. ದೊಡ್ಡ ಗಾಡಿಗಳಲ್ಲಿ 1948ರಿಂದ ತಯಾರಾದ ಯುನಿಮೋಗ್ ಟ್ರಕ್‌ನಲ್ಲೂ ಇದೇ ಉಪಾಯ. 1987ರ ತಮಿಯಾ ಕ್ಲಾಡ್ ಬಸ್ಟರ್ ಅನ್ನುವ ರಿಮೋಟ್ ಗಾಡಿಯಲ್ಲಿ ಮೋಟಾರು ಆಕ್ಸಲ್ ಮೇಲೆಯೇ ಕೂತಿತ್ತು, ದಂಡವೇ ಇಲ್ಲ. ಮೊದಮೊದಲ ಕ್ರಾಲರ್ ಕಟ್ಟಿದವರು ಅದರ ಆಕ್ಸಲ್‌ಗಳನ್ನು ಹುಡುಕಿಕೊಂಡು ಹೋಗುತ್ತಿದ್ದದ್ದು ಸುಮ್ನೆ ಅಲ್ಲ. ನಾವು ಮಾಡಿದ್ದು ಸಣ್ಣ ಕೆಲಸ. ಎರಡೂ ಆಕ್ಸಲ್‌ಗಳಲ್ಲಿ 8 ಮತ್ತು 30 ಹಲ್ಲಿನ ಗೇರು ಜೋಡಿ ತೆಗೆದು 8 ಮತ್ತು 33ರ ಜೋಡಿ ಹಾಕಿದೆವು. ದಂಡದ ತಿರುಚು ನೂರಕ್ಕೆ 9ರಷ್ಟು ಇಳಿಯಿತು. ಜೊತೆಗೆ ಹಿಂದಿನ ಮೇಲಿನ ಲಿಂಕ್‌ಗಳನ್ನು ಚಾಸಿಯ ಕಡೆ ಒಂದು ತೂತು ಮೇಲಕ್ಕೆ ಸರಿಸಿದೆವು. ಥ್ರಾಟಲ್ ಕೊಟ್ಟಾಗ ಹಿಂಭಾಗ ಎದ್ದು ಕುಪ್ಪಳಿಸುವುದು ಅದರಿಂದ ಕಡಿಮೆಯಾಯಿತು.

ಲಿಂಕ್‌ಗಳ ಬಗ್ಗೆ ಬರೆಯಲು ಇನ್ನೂ ಆಸೆ ಇದೆ. 1669ರಲ್ಲಿ ಫ್ರಾನ್ಸಿನ ಗಣಿತಜ್ಞ ರೋಬೆರ್ವಾಲ್ ತೋರಿಸಿದ ತಕ್ಕಡಿಯಲ್ಲೂ ಸಮಾನಾಂತರ ಕಡ್ಡಿಗಳೇ ತಟ್ಟೆಯನ್ನು ಮಟ್ಟವಾಗಿ ಹಿಡಿಯುವುದು. ಈ ಗಾಡಿಯ ಅಡಿ ಬಗ್ಗಿ ನೋಡಿದಾಗಲೆಲ್ಲ ನನಗೆ ಅದರ ನೆನಪಾಗುತ್ತದೆ. ಆದರೆ ಪತ್ರ ಈಗಲೇ ಉದ್ದವಾಯಿತು.

ನನ್ನ ವಿನಂತಿ ಇಷ್ಟು. ದಯವಿಟ್ಟು ಆ ಚೌಕವನ್ನು ತಿದ್ದಿ ಇನ್ನೊಮ್ಮೆ ಅಚ್ಚು ಹಾಕಿ. ಮೊದಲು ಕೀಲು ಸಲೀಸಾಗಿ ಆಡುತ್ತದೆಯೇ ನೋಡಿ, ಆಮೇಲೆ ನಾಲ್ಕು ಮೂಲೆ ತೂಗಿ, ಭಾರವನ್ನು ಕೆಳಗೆ ಮುಂದಕ್ಕೆ ತನ್ನಿ, ಅದಾದ ಮೇಲೆ ಸ್ಪ್ರಿಂಗ್, ಕಟ್ಟಕಡೆಗೆ ಎಣ್ಣೆ. ಏನನ್ನಾದರೂ ಕೊಳ್ಳುವ ಮೊದಲು ಅರ್ಧ ಕೆಲಸ ಮುಗಿದಿರುತ್ತದೆ. ನಮ್ಮ ನೋಟ್‌ಬುಕ್‌ನ ಎರಡು ಹಾಳೆಗಳ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಅಂಕಿಗಳು ಹುಡುಗನ ಅಕ್ಷರದಲ್ಲಿವೆ, ಬೇಕಾದರೆ ಬಳಸಿಕೊಳ್ಳಿ.

ಗಾಡಿ ಈಗ ಆ ಬಂಡೆಯನ್ನು ಹತ್ತು ಸಲದಲ್ಲಿ ಎಂಟು ಸಲ ಹತ್ತುತ್ತದೆ. ಉಳಿದ ಎರಡು ಸಲ ಒಡಕಿನ ಅಂಚಿನಲ್ಲಿ ಬಲಹಿಂದಿನ ಚಕ್ರ ಜಾರುತ್ತದೆ. ಟೈರಿನೊಳಗಿನ ಫೋಮ್ ಗಟ್ಟಿಯಾಗಿದೆ ಅಂತ ಅವನು, ಲಿಂಕ್ ಇನ್ನೊಂದು ತೂತು ಸರಿಯಬೇಕು ಅಂತ ನಾನು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಈ ವಾರ ಫೋಮ್ ಮಾತ್ರ ಬದಲಿಸುತ್ತೇವೆ.

ಇಂತಿ ನಿಮ್ಮ,
ತಕ್ಕಡಿ ರಿಪೇರಿಯ ಓದುಗಿ